ಹದಿನೈದು ನಿಮಿಷಕ್ಕೊಮ್ಮೆ ಅಥಣಿ

ಕಳೆದ ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ನನ್ನ ಫೋನ್ ಪ್ರಾಣ ಬಿಟ್ಟಿತು. ಶಾಲೆಯ ಸ್ಟಾಫ್ ರೂಮಿನಲ್ಲಿ, ನನ್ನ ಕಣ್ಣೆದುರಿಗೇ. ಬೆಳಿಗ್ಗೆ ನೂರಕ್ಕೆ ನೂರು ತುಂಬಿಸಿಕೊಂಡು ಮನೆ ಬಿಟ್ಟಿದ್ದೆ. ಒಂದು ಗಂಟೆಗೆ ಹದಿನೆಂಟು. ಒಂದೂವರೆಗೆ ಒಂಬತ್ತು. ಆಮೇಲೆ ಕಪ್ಪು ಪರದೆ.

ಹೋದರೆ ಹೋಗಲಿ ಅಂದುಕೊಂಡೆ. ಫೋನ್ ಇಲ್ಲದೆ ಎರಡು ತಾಸು ಬದುಕೋಕೆ ಬರಲ್ವಾ? (ಬಂತು. ಅವತ್ತು ಹತ್ತನೇ ಕ್ಲಾಸಿನ ಎರಡು ಪೀರಿಯಡ್ ಭಾಳ ಚಲೋ ಆದವು.)

ಸಂಜೆ ಚಿಕ್ಕೋಡಿಯ ನಮ್ಮ ಮನೆಗೆ ಬಂದು ಚಾರ್ಜಿಗೆ ಹಚ್ಚಿದೆ. ಫೋನ್ ಮೆಲ್ಲಗೆ ಕಣ್ಣು ಬಿಟ್ಟಿತು. ಟಿಣ್ ಅಂತ ಒಂದು ಮೆಸೇಜ್. ನಿಮ್ಮ ಫೋನ್ ಬಂದ್ ಇದ್ದಾಗ ಈ ನಂಬರಿನಿಂದ ಮೂರು ಸಲ ಕರೆ ಬಂದಿತ್ತು ಅಂತ.

ನಂಬರ್ ನೋಡಿ ನಿಂತಲ್ಲೇ ಕೂತುಬಿಟ್ಟೆ. ಕಸ್ತೂರಕ್ಕ!

ಕಸ್ತೂರಕ್ಕ ನನ್ನ ಒಡಹುಟ್ಟಿದ ಅಕ್ಕ. ಅಥಣಿ ತಾಲೂಕಿನ ಹೊಳೆ ದಂಡೆಯ ಒಂದು ಊರಿಗೆ ಕೊಟ್ಟಿದೆ. ಎರಡು ವರ್ಷದಿಂದ ನನ್ನ ಜೊತೆ ಮಾತು ಬಿಟ್ಟಾಳೆ. ಎರಡು ವರ್ಷ ಬಾರದ ಕರೆ ಬಂದಿದ್ದು, ಅದೂ ಮೂರು ಸಲ, ನನ್ನ ಫೋನ್ ಸತ್ತಿದ್ದ ಆ ಮೂರೇ ತಾಸಿನಲ್ಲಿ. ಇದಕ್ಕೆ ಹಣೆಬರಹ ಅನ್ನೋಣವೋ, ಬ್ಯಾಟರಿ ಅನ್ನೋಣವೋ?

ತಕ್ಷಣ ತಿರುಗಿ ಫೋನ್ ಹಚ್ಚಿದೆ. ಸ್ವಿಚ್ಡ್ ಆಫ್. ಮಾವನ, ಅಂದರೆ ಅಕ್ಕನ ಗಂಡನ, ನಂಬರಿಗೆ ಹಚ್ಚಿದೆ. ಅದೂ ಸ್ವಿಚ್ಡ್ ಆಫ್.

ಮಾತು ಯಾಕೆ ನಿಂತಿತು, ಅದನ್ನು ಮೊದಲು ಹೇಳಿಬಿಡ್ತೀನಿ. ತಪ್ಪು ನಂದೇ.

ನಮ್ಮ ಕಡೆ ನಾಗರ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಮದುವೆಯಾದವರೆಲ್ಲ ತವರಿಗೆ ಬರ್ತಾರೆ. ಆದರೆ ಸುಮ್ಮನೆ ಬರೋದಿಲ್ಲ. ಅಣ್ಣನೋ ತಮ್ಮನೋ ಖುದ್ದು ಹೋಗಬೇಕು. ಅವರ ಮನೆಯಲ್ಲಿ ಒಂದು ಹೊತ್ತು ಉಣಬೇಕು. ಅತ್ತೆ ಮಾವನ ಎದುರಿಗೆ "ಅಕ್ಕನ್ನ ಕರಕೊಂಡು ಹೋಗಾಕ ಬಂದೀನ್ರಿ" ಅಂತ ಬಾಯಿ ಬಿಟ್ಟು ಕೇಳಬೇಕು. ಆಗ ಅವಳು ಚೀಲ ತಗೊಂಡು ಹೊರಡ್ತಾಳೆ. ಎಪ್ಪತ್ತು ವರ್ಷದ ಅಜ್ಜಿಯರೂ ಕರೆಯೋಕೆ ಬರೋ ತಮ್ಮನ ದಾರಿ ನೋಡ್ತಾ ಕೂತಿರ್ತಾರೆ. ಕರೆಯದೆ ಬಂದವಳಿಗೆ ತವರು ಇಲ್ಲ ಅಂತ ಲೆಕ್ಕ.

ನಾನು ಒಂಬತ್ತು ವರ್ಷದವನಿದ್ದಾಗ ನಮ್ಮ ಅವ್ವ ಹೋದಳು. ಕಸ್ತೂರಕ್ಕನಿಗೆ ಆಗ ಹದಿನಾರು. ನನಗೆ ಎಣ್ಣೆ ಹಚ್ಚಿ ಎರೆದದ್ದು, ಬುತ್ತಿ ಕಟ್ಟಿದ್ದು, ಮಗ್ಗಿ ತಪ್ಪಿದರೆ ಕಿವಿ ಹಿಂಡಿದ್ದು ಎಲ್ಲ ಅವಳೇ. ಅವಳ ಮದುವೆಯಾದ ಮೇಲೆ ಪಂಚಮಿ ಅಂದರೆ ನನಗೆ ಜೋಕಾಲಿ ಅಲ್ಲ, ಉಂಡಿ ಅಲ್ಲ. ಅಥಣಿ ಬಸ್ಸು. ವಾಪಸ್ ಬರುವಾಗ ಕಿಟಕಿ ಸೀಟು ನನಗೆ ಬಿಟ್ಟುಕೊಟ್ಟು ಕೇಳುತ್ತಲೇ ಇರ್ತಿದ್ದಳು. ಎಮ್ಮೆ ಯಾರು ಹಿಂಡತಾರ? ತುಳಸಿಗೆ ನೀರು ಯಾರು ಹಾಕತಾರ? ಅಪ್ಪ ಹೊತ್ತಿಗೆ ಸರಿಯಾಗಿ ಉಣತಾನಿಲ್ಲೋ? ಆ ಬಸ್ಸಿನ ಮೂರು ತಾಸು ನನಗೆ ಇವತ್ತಿಗೂ ಬೇಕು ಅನ್ನಿಸ್ತದೆ. ನನಗೀಗ ಐವತ್ತೆರಡು.

ಅಪ್ಪನೂ ಹೋದ ಮೇಲೆ ಅವಳ ಪಾಲಿಗೆ ತವರು ಅಂದರೆ ನಾನೊಬ್ಬನೇ. ಹಾಗಿದ್ದವನು ಎರಡು ವರ್ಷದ ಹಿಂದೆ ಏನು ಮಾಡಿದೆ ಗೊತ್ತಾ? ಪೇಪರ್ ವ್ಯಾಲ್ಯುಯೇಷನ್, ಟ್ರೇನಿಂಗು, ಮಣ್ಣು ಮಸಿ ಅಂತ ನೆವ ಹೇಳಿಕೊಂಡು ವಾಟ್ಸಾಪಿನಲ್ಲಿ ಮೆಸೇಜ್ ಕಳಿಸಿದೆ. ಹೆಡೆ ಆಡಿಸುವ ಹಾವಿನ ಚಿತ್ರ. ಅದರ ಕೆಳಗೆ, "ಅಕ್ಕಾ, ಪಂಚಮಿಗೆ ಬಂದುಬಿಡು. ನನಗ ಬರಾಕ ಆಗೂದಿಲ್ಲ. ಹೆಂಗೂ ಹೆಣ್ಮಕ್ಕಳಿಗೆ ಬಸ್ ಫ್ರೀ ಐತಿ."

ಬಸ್ ಫ್ರೀ ಐತಿ! ಬರೆಯುವಾಗ ನನ್ನ ಬೆರಳಿಗೆ ಏನಾಗಿತ್ತೋ!

ಎರಡು ನೀಲಿ ಗೆರೆ ಬಂದವು. ಉತ್ತರ ಬರಲಿಲ್ಲ. ಅಕ್ಕನೂ ಬರಲಿಲ್ಲ. ಹಬ್ಬ ಮುಗಿದ ಮೇಲೆ ಮಾವ ಫೋನ್ ಮಾಡಿ, "ಅಕಿ ಭಾಳ ನೊಂದಾಳಪಾ. ತಮ್ಮಗ ನಾ ಅಷ್ಟು ಹಗುರ ಆದ್ನೇನು ಅಂತ ಕೇಳತಾಳ" ಅಂದರು. ಆಗಲೇ ಹೋಗಿ ಕಾಲು ಹಿಡಿಯಬೇಕಿತ್ತು. ನಾನೂ ಕಮ್ಮಿ ಏನಲ್ಲ. ಇಷ್ಟಕ್ಕೆಲ್ಲ ಸಿಟ್ಟಾ ಅಂತ ಬಿಗಿದುಕೊಂಡು ಕೂತೆ. ಹೋದ ವರ್ಷದ ಪಂಚಮಿಗೆ ಮೆಸೇಜನ್ನೂ ಕಳಿಸಲಿಲ್ಲ.

ಮಾತು ಬಿಟ್ಟೆ, ಸರಿ. ಅಕ್ಕನನ್ನು ಬಿಡೋಕೆ ಆಯ್ತಾ? ಆಗಲಿಲ್ಲ. ಅದಕ್ಕೊಂದು ಉಪಾಯ ಹುಡುಕಿದೆ. ಫೋನಿನ ಮುಖಪುಟದ ಮೇಲೆ ಹವಾಮಾನದ ವಿಜೆಟ್ ಇರ್ತದಲ್ಲ, ಅದರಲ್ಲಿ ಚಿಕ್ಕೋಡಿ ತೆಗೆದು ಅಥಣಿ ಹಾಕಿದೆ. ಫೋನ್ ತೆರೆದಾಗಲೆಲ್ಲ ಅಥಣಿಯ ಆಕಾಶ. ಬಿಸಿಲಿದ್ದರೆ ಅಕ್ಕ ಅಂಗಳದಲ್ಲಿ ಹಪ್ಪಳ ಒಣಗಿಸಿರಬೇಕು ಅನ್ನೋದು. ಮೋಡ ಬಂದರೆ ಮಾವನ ದ್ರಾಕ್ಷಿ ತೋಟಕ್ಕೆ ಏನಾಯಿತೋ ಅನ್ನೋದು.

ನಮ್ಮ ಮನೆಯವಳು ಬಿಡ್ತಾಳಾ? "ಅಥಣಿ ಹವಾ ತಗೊಂಡು ಏನ್ ಮಾಡ್ತೀರಿ? ದ್ರಾಕ್ಷಿ ಹಚ್ಚೀರೇನು?" ಅಂತ ಛೇಡಿಸಿದಳು. ಒಮ್ಮೆ ಮಾತ್ರ ನಗದೆ ಹೇಳಿದಳು, "ಅಷ್ಟು ನೆನಪ ಆದ್ರ ಹೋಗಿ ಬರ್ರಿ. ನಿಮ್ಮನ್ನ ಯಾರು ಕಟ್ಟಿ ಹಾಕ್ಯಾರ?"

ನಾನು ಹೋಗಲಿಲ್ಲ. ಬದಲಿಗೆ ವಿಜೆಟ್‌ಗಳು ಹೆಚ್ಚಾದವು. ಪಂಚಾಂಗದ್ದೊಂದು. ಕ್ರಿಕೆಟ್ ಸ್ಕೋರಿನದೊಂದು. ಓಡುವ ಸುದ್ದಿಯದೊಂದು. ಸೆಕೆಂಡ್ ಮುಳ್ಳು ತಿರುಗುವ ಗಡಿಯಾರ. ನಾನು ಎಷ್ಟು ಹೆಜ್ಜೆ ನಡೆದೆ ಅಂತ ಹೇಳೋದೊಂದು (ದಿನಾ ನಾಚಿಕೆಯಾಗುವಷ್ಟು). ಬ್ಯಾಟರಿ ಎಷ್ಟು ಉಳಿದಿದೆ ಅಂತ ತೋರಿಸೋಕೂ ಒಂದು ವಿಜೆಟ್!

ಮತ್ತೆ ಮಂಗಳವಾರ ಸಂಜೆಗೆ ಬರ್ತೀನಿ. ಅಕ್ಕನ ಫೋನ್ ಹತ್ತುತ್ತಿಲ್ಲ. ಅಷ್ಟು ಸಿಟ್ಟಿನವಳು ಮೂರು ಸಲ ಹಚ್ಚಿದ್ದಾಳೆ ಅಂದರೆ ಏನೋ ಆಗಿರಬೇಕು. ಯಾರಿಗೆ ಏನಾಯಿತು? ವಿಜೆಟ್ ನೋಡಿದೆ. ಅಥಣಿ, ಇಪ್ಪತ್ತೊಂಬತ್ತು ಡಿಗ್ರಿ, ಬಿಸಿಲು. ಹಳದಿ ಸೂರ್ಯ ನಗ್ತಾ ಕೂತಿದ್ದ. ಅಲ್ಲಿ ಎಲ್ಲ ಸರಿ ಇದೆ ಅಂತ ನನಗೆ ನಾನೇ ಹೇಳಿಕೊಂಡೆ.

ಬುಧವಾರ ಬೆಳಿಗ್ಗೆ ಮತ್ತೆ ಹಚ್ಚಿದೆ. ಸ್ವಿಚ್ಡ್ ಆಫ್. ಶಾಲೆಗೆ ರಜೆ ಹಾಕಿ ಸಲೀಮನ ಮೊಬೈಲ್ ರಿಪೇರಿ ಅಂಗಡಿಗೆ ಓಡಿದೆ. ಅಕ್ಕ ಮತ್ತೊಮ್ಮೆ ಹಚ್ಚಿದರೆ ನನ್ನ ಫೋನ್ ಬಂದ್ ಇರಬಾರದು. ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ.

"ಬ್ಯಾಟರಿ ಹೋಗೈತಿ ಸಲೀಮ. ಹೊಸಾದು ಹಾಕು, ಲಗೂನ" ಅಂದೆ.

ಸಲೀಮ ನನ್ನ ಹಳೆಯ ವಿದ್ಯಾರ್ಥಿ. ಈಗ ಅವನಿಗೇ ಇಬ್ಬರು ಮಕ್ಕಳು. ಫೋನ್ ತಗೊಂಡು ಅದೂ ಇದೂ ಒತ್ತಿ ನೋಡಿದ. ನಗೋಕೆ ಶುರು ಮಾಡಿದ.

"ಸರ, ಬ್ಯಾಟರಿದೇನೂ ತಪ್ಪಿಲ್ರಿ. ಮನಿ ತುಂಬ ಬೀಗರನ್ನ ಕುಂದ್ರಿಸಿಕೊಂಡು, ಹಿಟ್ಟು ಯಾಕ ಸಾಲಾಕತ್ತಿಲ್ಲ ಅಂತ ಕೇಳಾಕತ್ತೀರಿ. ಎಷ್ಟು ವಿಜೆಟ್ ಹಾಕೀರಿ ಇದರ ಮ್ಯಾಲ?"

"ಅವು ಸುಮ್ಮನ ಅಲ್ಲೇ ಕುಂತಿರ್ತಾವಲ್ಲೋ?"

"ಸುಮ್ಮನ ಎಲ್ಲಿ ಕುಂದರ್ತಾವ್ರಿ! ನೀವು ನೋಡಲಿ, ಬಿಡಲಿ, ತಾಜಾ ಸುದ್ದಿ ತರಾಕ ಓಡಾಡತಾವು. ಇಲ್ಲಿ ನೋಡ್ರಿ, ಈ ಹವಾದ್ದು. ಹದಿನೈದು ನಿಮಿಷಕ್ಕೊಮ್ಮೆ ಅಥಣಿಗೆ ಹೋಗಿ ಬರಾಕತ್ತೈತಿ ನಿಮ್ಮ ಫೋನು. ದಣಿಯಂಗಿಲ್ಲೇನ್ರಿ ಅದು?"

ಅವನು ತಮಾಷೆಗೇ ಹೇಳಿದ. ನನಗೆ ಮಾತ್ರ ಕಪಾಳಕ್ಕೆ ಹೊಡೆದ ಹಾಗಾಯಿತು. ಕಿಸೆಯಲ್ಲಿನ ಫೋನು ತಾಸಿಗೆ ನಾಲ್ಕು ಸಲ ಅಥಣಿಗೆ ಹೋಗಿ ಬರ್ತಿದೆ. ಅದನ್ನು ಹೊತ್ತುಕೊಂಡು ಓಡಾಡುವವನು ಎರಡು ವರ್ಷದಲ್ಲಿ ಒಮ್ಮೆಯೂ ಹೋಗಿಲ್ಲ.

ಸಲೀಮ ಒಂದೊಂದೇ ಕಿತ್ತು ಹಾಕುತ್ತಾ ಬಂದ. ಕ್ರಿಕೆಟ್ ಹೋಯಿತು, ಸುದ್ದಿ ಹೋಯಿತು, ಗಡಿಯಾರ ಹೋಯಿತು. ಅಥಣಿಗೆ ಬೆರಳಿಟ್ಟಾಗ ತಡೆದೆ. "ಅದೊಂದು ಬ್ಯಾಡಪಾ, ಇರಲಿ."

"ಯಾಕ್ರಿ? ಅಥಣಿ ಕಡೆ ಯಾರದಾರ?"

"ಅಕ್ಕ ಅದಾಳ. ನೋಡು, ಬಿಸಿಲು ಅಂತ ತೋರಸಾಕತ್ತೈತಿ. ಆರಾಮ ಅದಾರ."

ಸಲೀಮನ ಮುಖದ ನಗು ಹೋಯಿತು. "ಬಿಸಿಲು ಖರೇರಿ ಸರ. ಆದ್ರ ಹೊಳಿ ಬಂದೈತಲ್ಲ! ನಮ್ಮ ಚಾಚಾನ ಮನಿ ಆ ಕಡೆನ ಐತಿ. ರಾಯಬಾಗ ದಾಟಿದ ಮ್ಯಾಲಿನ ಸೇತುವಿ ನಿನ್ನಿ ಮುಳುಗೇತಿ. ಕರೆಂಟೂ ತಗದಾರಂತ."

ನನಗೆ ನನ್ನ ಮೇಲೇ ಹೇಸಿಕೆ ಬಂತು. ಕೃಷ್ಣೆ ತುಂಬೋದು ಅಥಣಿಯ ಮಳೆಯಿಂದ ಅಲ್ಲ. ಅದು ಮಹಾರಾಷ್ಟ್ರದ ಘಟ್ಟದ ಮಳೆ. ಅಲ್ಲಿ ಸುರಿದರೆ ಇಲ್ಲಿ ಬಿಸಿಲಿನಲ್ಲೇ ಹೊಳೆ ಬರ್ತದೆ. ನಮ್ಮ ಕಡೆಯ ಸಣ್ಣ ಮಕ್ಕಳಿಗೂ ಗೊತ್ತಿರುವ ಸಂಗತಿ. ನಾನು ಭೂಗೋಳ ಮಾಸ್ತರ! ಎರಡು ವರ್ಷ ಹಳದಿ ಸೂರ್ಯನನ್ನು ನಂಬಿಕೊಂಡು ಕೂತಿದ್ದೆ.

ಅಕ್ಕನ ನಂಬರ್ ಹಚ್ಚಪಾ ಅಂದೆ, ಸಲೀಮನೇ ಒತ್ತಿ ಕೊಟ್ಟ. ಈ ಸಲ ರಿಂಗ್ ಆಯಿತು. ನಾನು ಬಾಯಿ ತೆರೆಯೋ ಮೊದಲೇ ಆ ಕಡೆಯಿಂದ ಅಕ್ಕನ ದನಿ:

"ತಮ್ಮಾ! ಎಲ್ಲಿದ್ದೀಯೋ? ಮನಿ ಮುಟ್ಟಿದಿಲ್ಲೋ?"

ನನಗೆ ತಲೆಬುಡ ತಿಳಿಯಲಿಲ್ಲ. ಅವಳು ಉಸಿರೂ ಬಿಡದೆ ಹೇಳುತ್ತಾ ಹೋದಳು.

"ಸೇತುವಿ ಮ್ಯಾಲ ನೀರ ಬಂದೈತಿ, ಪಂಚಮಿಗೆ ಕರಿಯಾಕ ಈಗ ಬರಬ್ಯಾಡ ಅಂತ ಹೇಳಾಕ ನಿನ್ನಿ ಫೋನ್ ಹಚ್ಚಿದ್ನಿ. ಮೂರ ಸಲ ಹಚ್ಚಿದ್ರೂ ಬಂದ್. ನನ್ನ ಜೀವ ಹೋದಂಗ ಆತು ನೋಡು. ಹೊಂಟಬಿಟ್ಟಾನ, ದಾರ್ಯಾಗ ಬ್ಯಾಟರಿ ಮುಗದೈತಿ ಅಂತ ತಿಳಕೊಂಡ್ನಿ. ನಿಮ್ಮ ಮಾವಗ ಸೇತುವಿಗೆ ಓಡಿಸಿದ್ನಿ. ಹೊತ್ತು ಮುಳಗೂ ತನಕ ನಿಂತು ಬಂದ್ರು. ಆಚಿ ದಂಡಿಗೆ ನೀಲಿ ಅಂಗಿಯಾವ ಒಬ್ಬ ಭಾಳ ಹೊತ್ತು ನಿಂತಿದ್ದ, ಆಮ್ಯಾಲ ಹೊಳ್ಳಿ ಹ್ವಾದ, ಥೇಟ್ ನಿನ್ನ ತಮ್ಮನಂಗ ಇದ್ದ ಅಂದ್ರು. ಇಲ್ಲಿ ಕರೆಂಟ್ ಇಲ್ಲ. ನಿನ್ನ ಫೋನ್ ಬಂದೀತು ಅಂತ ಟ್ರ್ಯಾಕ್ಟರ್ ಬ್ಯಾಟರಿಗೆ ಹಚ್ಚಿ ಈಗ ಚಾರ್ಜ್ ಮಾಡಸೀನಿ. ಅಂವ ನೀನ ಹೌದಲ್ಲೋ?"

ಮಂಗಳವಾರ ನಾನು ಹಾಕಿದ್ದು ಬಿಳಿ ಅಂಗಿ. ಆ ಹೊತ್ತಿಗೆ ನಾನು ಮನೆಯಲ್ಲಿ ಚಹಾ ಕುಡೀತಿದ್ದೆ. ಈ ವರ್ಷವೂ ಹೋಗುವ ವಿಚಾರ ನನ್ನ ತಲೆಯಲ್ಲಿ ಇರಲಿಲ್ಲ. ಆ ನೀಲಿ ಅಂಗಿಯವನು ಯಾವ ಅಕ್ಕನ ತಮ್ಮನೋ ಏನೋ.

"ಹೇಳೋ ತಮ್ಮಾ. ನೀನ ಹೌದಲ್ಲ?"

ದನಿಯಲ್ಲಿ ಎಷ್ಟು ಆಸೆ ಇತ್ತು ಅಂದರೆ, ಅಲ್ಲ ಅನ್ನೋಕೆ ನನ್ನಿಂದ ಆಗಲಿಲ್ಲ.

"ಹೌದಕ್ಕಾ" ಅಂದೆ. "ನಾನ. ನೀರು ನೋಡಿ ಹೊಳ್ಳಿ ಬಂದ್ನಿ."

ಆ ಕಡೆ ಅಕ್ಕ ಅಳೋಕೆ ಶುರು ಮಾಡಿದಳು. "ಹ್ವಾದ ವರ್ಷನೂ ದಾರಿ ನೋಡಿದ್ನಿ. ಈ ಸಲ ಬಂದ ಬರ್ತಾನ ಅಂತ ನಿಮ್ಮ ಮಾವನ ಮುಂದ ಹೇಳಿದ್ನಿ. ಬಂದಿ ಅಲ್ಲ, ಅಷ್ಟ ಸಾಕು. ನೀರ ಇಳದ ಮ್ಯಾಲ ಬಾ. ಚೀಲ ತುಂಬಿ ಇಟ್ಟೀನಿ."

ಫೋನ್ ಇಟ್ಟೆ. ಕಣ್ಣು ಒರೆಸಿಕೊಂಡೆ. ಎಲ್ಲ ಕೇಳಿಸಿಕೊಂಡ ಸಲೀಮ ತಲೆ ತಗ್ಗಿಸಿಕೊಂಡೇ ಕೇಳಿದ, "ಸರ, ಅಥಣಿ ಇರಲೋ, ತಗೀಲೋ?"

"ತಗಿಯಪಾ" ಅಂದೆ. ದುಡ್ಡು ಕೊಡೋಕೆ ಹೋದರೆ ತಗೊಳ್ಳಲಿಲ್ಲ.

ಈಗ ನನ್ನ ಬ್ಯಾಟರಿ ರಾತ್ರಿ ಮಲಗುವವರೆಗೂ ಬರ್ತದೆ. ವಾಲ್‌ಪೇಪರ್ ಬಿಟ್ಟರೆ ಮುಖಪುಟದ ಮೇಲೆ ಏನೂ ಇಲ್ಲ. ಅಕ್ಕ ದಿನಕ್ಕೆರಡು ಸಲ ಫೋನ್ ಮಾಡಿ ಹೊಳೆ ಎಷ್ಟು ಇಳಿಯಿತು ಅಂತ ಹೇಳ್ತಾಳೆ. ನಾನು ಸಂತೋಷದಿಂದ ಕೇಳ್ತೀನಿ. ಆದರೆ ಪ್ರತಿ ಸಲವೂ ಅವಳು ಆ ನೀಲಿ ಅಂಗಿಯ ಮಾತು ತೆಗೀತಾಳೆ. ಬಂದು ಹೋಗುವವರಿಗೆಲ್ಲ ಹೇಳಿಕೊಂಡಿದ್ದಾಳಂತೆ, ತುಂಬಿದ ಹೊಳೆ ಅಂತ ನೋಡದೆ ನನ್ನ ತಮ್ಮ ಕರೆಯೋಕೆ ಬಂದಿದ್ದ ಅಂತ. ನಾನು ಬೇಗನೆ ಮಾತನ್ನು ಹೊಳೆಯ ಕಡೆ ತಿರುಗಿಸ್ತೀನಿ.

(ಅಕ್ಕನ ಮನೆಗೆ ಬರೋದು ಮರಾಠಿ ಪೇಪರ್. ಅದಕ್ಕೇ ಧೈರ್ಯ ಮಾಡಿ ಈ ಕನ್ನಡ ಪೇಪರಿನಲ್ಲಿ ನಿಮ್ಮ ಮುಂದೆ ಹೇಳ್ತಿದ್ದೀನಿ.)

ನಾಳೆ ಸೇತುವೆ ಬಿಡ್ತಾರಂತೆ. ಮೊದಲ ಬಸ್ಸಿಗೇ ಹೊರಡ್ತೀನಿ. ಆದರೆ ಒಮ್ಮೆ ಬಂದು ಹೋದವನು ಅಂತ ನನಗೆ ಎಲೆ ಹಾಕಿ ಬಡಿಸುವ ಅಕ್ಕನಿಗೆ, ಅವತ್ತು ಬಂದವನು ನಾನಲ್ಲ, ಈ ಸಲ ಇದೇ ಮೊದಲು ಬಂದೀನಿ ಅಂತ ಯಾವ ಬಾಯಿಂದ ಹೇಳಲಿ?