‘ಬಿಡಿ’ ಎಂಬ ಒಂದು ಮಾತು

ಹೊಲಕ್ಕೆ ನೀರು ತಂದು ಹೆಸರಾದವರು ನಮ್ಮ ಇಲಾಖೆಯಲ್ಲಿ ಹಲವರುಂಟು. ಬಂದ ನೀರನ್ನು ತಡೆಯುವುದರಲ್ಲೇ ಕೂದಲು ನರೆಸಿಕೊಂಡವರು, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಎಂಜಿನಿಯರಮ್ಮ ಒಬ್ಬರೇ. ಕಾಲುವೆಯ ಕೊನೆಯ ಈ ತಗ್ಗಿನಲ್ಲಿ ಮೊಣಕಾಲುದ್ದ ಅಗೆದರೆ ನೀರು ಸಿಗುತ್ತದೆ. ಬೆಳೆ ಕೆಳಗಿನಿಂದಲೇ ಸಾಕಷ್ಟು ಹೀರಿಕೊಳ್ಳುತ್ತದೆ. ಮೇಲಿನಿಂದಲೂ ಧಾರಾಳವಾಗಿ ಹಾಯಿಸಿದರೆ ಬೇರು ಉಸಿರುಗಟ್ಟುತ್ತದೆ. ಅತಿಯಾದರೆ ಅಮೃತವೂ ವಿಷವೆಂಬುದನ್ನು ತುಂಬಿದ ಕಾಲುವೆಯ ಪಕ್ಕದಲ್ಲಿ ನಿಂತು ನಂಬಿಸುವುದು ಸುಲಭವೇ? ಹೊಲದಲ್ಲಿ ಹೂತ ಕೊಳವೆಗಳಿಗೆ ಕೋಲಿಳಿಸಿ ನೀರಿನ ಮಟ್ಟ ನೋಡಿ, ‘ಈ ಸಲಕ್ಕೆ ಸಾಕು’ ಎನ್ನುತ್ತಿದ್ದ ಅವರಿಗೆ ರೈತರು ಸಾಕಮ್ಮನೆಂದೇ ಹೆಸರಿಟ್ಟರು. ಮೊದಮೊದಲು ಅದು ಬೈಗುಳವಾಗಿತ್ತು.

ಸಾಕೆಂದವರಿಗೆ ನೆಮ್ಮದಿಯೇನೂ ಇರಲಿಲ್ಲ. ಮಧ್ಯಾಹ್ನ ಬಾಡಿದ ಎಲೆ ಸಂಜೆಗೆ ಚೇತರಿಸಿಕೊಂಡರೆ ಬೇರಿಗೆ ನೀರು ಸಿಗುತ್ತಿದೆಯೆಂದೇ ಅರ್ಥ. ಅದನ್ನು ಕಲಿಸಿದವರು ಅವರೇ. ಆದರೂ ಸಂಜೆ ಆ ಎಲೆ ನಿಮಿರುವ ತನಕ ಅವರು ಮನೆಗೆ ಹೋಗುತ್ತಿರಲಿಲ್ಲ.

ಒಮ್ಮೆ ಮೆಕ್ಕೆಜೋಳ ತೆನೆ ಕಟ್ಟುವ ಹೊತ್ತಿನಲ್ಲಿ ಅವರು ಸಭೆಗೆಂದು ಪಟ್ಟಣಕ್ಕೆ ಹೋಗಿದ್ದರು. ಅಲ್ಲಿಂದಲೇ, ತೂಬು ನೋಡಿಕೊಳ್ಳುತ್ತಿದ್ದ ನೀರುಗಂಟಿಗೆ ಫೋನು ಮಾಡಿ, “ಕೊನೇ ತೂಬಿನ ನೀರು ಈ ಸರದಿ ಬಿಡಿ” ಎಂದರು. ಅವರು ಹೇಳಿದ್ದು ನೀರು ಬೇಡವೆಂದು. ನೀರುಗಂಟಿಗೆ ಕೇಳಿಸಿದ್ದು ತೂಬು ತೆರೆಯಿರೆಂದು. ಸಾಕಮ್ಮನ ಮನಸ್ಸು ಕರಗಿತೆಂದು ರೈತರೆಲ್ಲ ಹಿಗ್ಗಿದರು!

ಮರುದಿನ ಎಂಜಿನಿಯರಮ್ಮ ಬಂದು ನೋಡಿದಾಗ ಹೊಲವೆಲ್ಲ ಕನ್ನಡಿಯಂತೆ ಹೊಳೆಯುತ್ತಿತ್ತು, ಕೊಳವೆಗಳು ಬಾಯಿಮಟ್ಟ ತುಂಬಿದ್ದವು. ಎಲ್ಲಕ್ಕಿಂತ ತಗ್ಗಿನದು ಅತ್ತೆ ಸೊಸೆ ಇಬ್ಬರೇ ದುಡಿಯುತ್ತಿದ್ದ ಹೊಲ. ಚಪ್ಪಲಿ ಕಳಚಿ ಗುದ್ದಲಿ ಹಿಡಿದ ಎಂಜಿನಿಯರಮ್ಮನ ಹಿಂದೆ ಊರೇ ಇಳಿದು, ಹೆಚ್ಚಿನ ನೀರು ಹರಿದುಹೋಗಲೆಂದು ಇದ್ದ, ಹೂಳು ತುಂಬಿದ್ದ ಬಸಿಗಾಲುವೆ ಬಿಡಿಸಿತು. ಆಮೇಲಿನದು ಬರೀ ಕಾಯುವ ಕೆಲಸ. ಅಡಿಯ ಎಲೆ ಹಳದಿಯಾದವು. ಅವುಗಳ ಮೇಲಿನವೂ ಆದವು. ಊಟದ ಡಬ್ಬಿ ತೆರೆಯದೆ ಅವರು ಬದುವಿನ ಮೇಲೆ ನಿಂತೇ ಇರುತ್ತಿದ್ದರು.

ಕೊನೆಗೊಂದು ಬೆಳಿಗ್ಗೆ ಸೊಸೆ ಗಿಡವೊಂದನ್ನು ಕಿತ್ತು ತಂದು, ಬುಡದಲ್ಲಿ ಒಡೆದಿದ್ದ ಹೊಸ ಬಿಳಿ ಬೇರನ್ನು ತೋರಿಸಿದಳು. ಅಂಚಿನ ಕೆಲವು ಸಾಲು ಹೋದವು, ಉಳಿದ ಬೆಳೆ ಉಳಿಯಿತು. ಕ್ಷಮೆ ಕೇಳಲು ಹೋದ ಎಂಜಿನಿಯರಮ್ಮನಿಗೆ ಅತ್ತೆ ಹೇಳಿದ ಮಾತು ಇಂದಿಗೂ ಇಲ್ಲಿ ಎಲ್ಲರ ಬಾಯಲ್ಲಿದೆ: “ನೀನು ಸಾಕು ಅಂದಾಗ ಬೈದ್ವಿ, ಬಿಡಿ ಅಂದಾಗ ಕುಣಿದ್ವಿ. ತಪ್ಪು ನಿನ್ನೊಬ್ಬಳದೇ ಏನವ್ವ?”

ಮೇಲಿನವರು ಮಾತ್ರ ನೀರುಗಂಟಿಯನ್ನು ಕೆಲಸದಿಂದ ತೆಗೆಯಲು ಪಟ್ಟುಹಿಡಿದರು. ಮಾತು ನನ್ನದು, ಕಿವಿಯಷ್ಟೇ ಅವರದು ಎಂದು ಎಂಜಿನಿಯರಮ್ಮ ಮಣಿಯಲಿಲ್ಲ. ಅಂದಿನಿಂದ ನಮ್ಮ ಕಚೇರಿಯಲ್ಲಿ ‘ಬಿಡಿ’ ಎನ್ನುವಂತಿಲ್ಲ. ‘ತೆರೆಯಿರಿ’, ‘ಮುಚ್ಚಿರಿ’ ಎಂದೇ ಹೇಳಬೇಕು. ಮುಂದಿನ ಸರದಿಗೆ ಎಂಜಿನಿಯರಮ್ಮ ತೂಬಿನ ಕೀಲಿಯನ್ನು ಮತ್ತೆ ತಮ್ಮ ಮುಂದೆಯೇ ಹಿಡಿದಾಗ ನೀರುಗಂಟಿ ಕೈ ಹಿಂದಕ್ಕೆಳೆದುಕೊಂಡರು. ಬೇರೆ ಯಾರಿಗಾದರೂ ಕೊಡಿ ಮೇಡಂ, ನನಗೆ ಹೆದರಿಕೆಯಾಗುತ್ತದೆ ಎಂದರು.

“ನಂಗೂ ಆಗುತ್ತೆ” ಎಂದರು ಎಂಜಿನಿಯರಮ್ಮ. “ಹೆದರೋರ ಕೈಯಲ್ಲೇ ಇರ್ಲಿ, ಹಿಡ್ಕೊಳ್ಳಿ.”

ಅವರು ನೂರ್ಕಾಲ ಸುಖವಾಗಿ ಬಾಳಲಿ, ಬದುವಿನ ಮೇಲಿನ ನಡಿಗೆ ನಿಲ್ಲದಿರಲಿ ಎಂದು ಮನಸಾರೆ ಹಾರೈಸುತ್ತೇವೆ. ಬರುವ ಸರದಿಯಿಂದ ಸಾಕು ಎನ್ನಬೇಕಾದವರು ನಾವು. ಆ ಹೆದರಿಕೆ ನಮಗೆ ಈಗಲೇ ಶುರುವಾಗಿದೆ.