ಹೀಟರಿಗೆ ಕೂಲೆಂಟ್

ಲ್ಯಾನ್ಸಿ ಪಿಂಟೊ ಸುಳ್ಳುಗಾರ. ಕೆಲಸ ಬಲ್ಲ ಸುಳ್ಳುಗಾರ, ಆದ್ದರಿಂದ ಹೆಚ್ಚು ಅಪಾಯಕಾರಿ. ಹನ್ನೆರಡು ವರ್ಷ ನನ್ನ ಕಾರನ್ನೂ ಅದರ ಎರಡನೆಯ ಕೀಲಿಯನ್ನೂ ಅವನ ಕೈಗೆ ಕೊಟ್ಟು ನಿಶ್ಚಿಂತೆಯಿಂದಿದ್ದವಳು ನಾನು. ಹಗುರವಾಗಿ ಬರೆಯುತ್ತಿಲ್ಲ.

ಅವನು ಬೆಳ್ಮಣ್ಣಿನವನು. ಇಪ್ಪತ್ತೆರಡನೆಯ ವಯಸ್ಸಿಗೆ ಬಹರೈನಿಗೆ ಬಂದ. ಅಸ್ಕರ್‌ನ ಕಾರ್ಖಾನೆಗಳಿಗೆ ಕಾರ್ಮಿಕರನ್ನು ಒಯ್ಯುವ ಬಸ್ಸುಗಳನ್ನು ಕೆಲವು ವರ್ಷ ರಿಪೇರಿ ಮಾಡಿ, ಆಮೇಲೆ ಸನದ್‌ನ ಒಂದು ಗ್ಯಾರೇಜಿನಲ್ಲಿ ನೆಲೆನಿಂತ. ಎಂಜಿನ್ನಿನ ಸದ್ದು ಕೇಳುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಮಗಳು ರೆಶ್ಮಾ ಈಸಾ ಟೌನಿನ ಶಾಲೆಯಲ್ಲಿ ನನ್ನ ಬಳಿ ರಸಾಯನಶಾಸ್ತ್ರ ಕಲಿತಳು. ಪೇರೆಂಟ್ಸ್ ಮೀಟಿಂಗಿಗೆ ಬಂದರೆ ಈ ಮನುಷ್ಯ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಗ್ರೀಸು ಹತ್ತಿದ ಬೆರಳುಗಳನ್ನು ಬೆನ್ನ ಹಿಂದೆ ಹಿಡಿದು ನಿಂತೇ ಇರುತ್ತಿದ್ದ.

೨೦೦೮ರ ಡಿಸೆಂಬರಿನಲ್ಲಿ ನಮ್ಮ ಮನೆಯ ಮಾಲೀಕ ಅಲಿ, ಊರಿಗೆ ಮರಳುತ್ತಿದ್ದ ಜರ್ಮನ್ನನೊಬ್ಬನಿಂದ ಹಳೆಯ ಮೋಟಾರ್‌ಹೋಮ್ ಕೊಂಡ. ಅವನ ತಾಯಿಗೆ ಎಂಬತ್ತು ವರ್ಷ. ಸಾಯುವ ಮೊದಲು ಒಮ್ಮೆ ಹಿಮ ನೋಡಬೇಕೆಂದು ಆಕೆಯ ಹಟ. ಸೌದಿಗೆ ಹೋಗುವ ಕಾಸ್‌ವೇ ಸೇತುವೆ ದಾಟಿ, ಚಳಿಗಾಲದಲ್ಲಿ ಹಿಮ ಬೀಳುವ ತಬೂಕಿನ ಬೆಟ್ಟದವರೆಗೆ ಕರೆದೊಯ್ಯುವುದು ಮಗನ ಯೋಚನೆ. ಗಾಡಿಯಲ್ಲಿ ಡೀಸೆಲ್ ಹೀಟರ್ ಇತ್ತು. ಅದು ಒಂದು ದ್ರವವನ್ನು ಕಾಯಿಸಿ, ಹಾಸಿಗೆಯ ಕೆಳಗಿನ ಕೊಳವೆಗಳಲ್ಲಿ ಸುತ್ತಿಸುತ್ತದೆ. ಒಂಬತ್ತು ವರ್ಷದಿಂದ ಬದಲಾಯಿಸದ ಆ ದ್ರವ ಕಷಾಯದ ಬಣ್ಣಕ್ಕೆ ತಿರುಗಿತ್ತು.

ಒಳ್ಳೆಯ ಮೆಕ್ಯಾನಿಕ್ ಯಾರೆಂದು ಅಲಿ ಕೇಳಿದ. ನಾನು ಲ್ಯಾನ್ಸಿಯ ಹೆಸರು ಹೇಳಿದೆ.

"ಟೀಚರ್ ಬೋಲಾ, ಖಲಾಸ್," ಎಂದ ಅಲಿ. ಟೀಚರ್ ಹೇಳಿದ ಮೇಲೆ ಮಾತು ಮುಗಿಯಿತು ಎಂದರ್ಥ.

ಲ್ಯಾನ್ಸಿಗೆ ನಾನು ಹೇಳಿದ್ದು ಇಷ್ಟೇ: ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್; ಇಲ್ಲಿನ ನಲ್ಲಿಯ ಉಪ್ಪುನೀರು ಒಂದು ಹನಿಯೂ ಕೂಡದು. ಕೂಲೆಂಟಿನಲ್ಲಿರುವ ಗ್ಲೈಕಾಲ್ ಇಲ್ಲದಿದ್ದರೆ ಬೆಟ್ಟದ ಚಳಿಗೆ ನೀರು ಹೆಪ್ಪುಗಟ್ಟಿ ಕೊಳವೆ ಒಡೆಯುತ್ತದೆ, ಮುದುಕಿ ಮಲಗಿರುವಾಗಲೇ ಹೀಟರ್ ಸಾಯುತ್ತದೆ. ಈ ಕಾರಣವನ್ನು ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮೂರು ದಿನ ಅಲಿಯ ಅಂಗಳದಲ್ಲಿ ಅಚ್ಚುಕಟ್ಟಾಗಿ ಕೆಲಸ ಮಾಡಿದ. ಹಳೆಯದನ್ನು ಡ್ರಮ್ಮಿಗೆ ಇಳಿಸಿದ. ತಿಳಿಯಾಗುವವರೆಗೆ ಶುದ್ಧ ನೀರು ಹರಿಸಿ ತೊಳೆದ. ಹೊಸದು ತುಂಬಿಸಿ, ಪಂಪು ಓಡಿಸಿ, ಕೊಳವೆಯ ಗಾಳಿಯನ್ನೆಲ್ಲ ಹೊರಬಿಟ್ಟ.

"ಅರ್ಧ ಅರ್ಧ ಹಾಕಿದೆಯಾ?"

"ಹೌದು ಟೀಚರ್, ನೀವು ಹೇಳಿದ ಹಾಗೇ ಉಂಟು. ನೋಡಿ, ಹಸಿರು."

ನಾನು ಟ್ಯಾಂಕಿಗೆ ಬೆರಳದ್ದಿ ಉಜ್ಜಿದೆ. ಗ್ಲೈಕಾಲ್ ಬೆರಳಿಗೆ ಜಾರುತ್ತದೆ. ಇದು ಜಾರಲಿಲ್ಲ. ಪುಟ್ಟ ಬಾಟಲಿಯಲ್ಲಿ ಸ್ವಲ್ಪ ತುಂಬಿಸಿಕೊಂಡು ಮನೆಗೆ ತಂದು ಫ್ರೀಜರಿನಲ್ಲಿಟ್ಟೆ. ಗುರುವಾರ ಬೆಳಿಗ್ಗೆ ತೆಗೆದರೆ ಬಾಟಲಿ ಉಬ್ಬಿ ಕಲ್ಲಾಗಿತ್ತು. ಅಲಿ ಹೊರಡುವುದು ಶನಿವಾರ.

ಲ್ಯಾನ್ಸಿಯನ್ನು ಅಲಿಯ ಅಂಗಳಕ್ಕೆ ಕರೆಸಿ, ಅಲಿಯ ಎದುರೇ ಬಾಟಲಿ ಹಿಡಿದೆ.

"ಏನಿದು?"

"ಐಸ್, ಟೀಚರ್."

"ಅರ್ಧ ಕೂಲೆಂಟ್ ಇದ್ದರೆ ಐಸ್ ಆಗುತ್ತದೆಯೇ?"

"ಬಣ್ಣಕ್ಕೆ ಮಾತ್ರ ಒಂಚೂರು ಹಾಕಿದ್ದು. ಅದು ಹೀಟರ್ ಅಲ್ವಾ ಟೀಚರ್? ತಂಪು ಮಾಡುವ ಕೂಲೆಂಟ್ ಹಾಕಿದ್ರೆ ಬಿಸಿ ಆಗುದು ಹೇಗೆ? ಅಜ್ಜಿಗೆ ಚಳಿ ಆಗ್ತದೆ ಅಂತ..."

"ಕೇಳಬಹುದಿತ್ತಲ್ಲ?"

"ನಿಮ್ಮತ್ರವಾ?"

ವಿಷಯ ತಿಳಿದ ಅಲಿ ಜೋರಾಗಿ ನಕ್ಕ. "ಅರೆ ಲ್ಯಾನ್ಸಿ, ಹೀಟರ್ ಕೋ ಹರಾ ಶರ್ಬತ್ ಪಿಲಾಯಾ!"

ಹೀಟರಿಗೆ ಹಸಿರು ಶರಬತ್ತು ಕುಡಿಸಿದ ಮಾತಿಗೆ ನನಗೆ ನಗು ಬರಲಿಲ್ಲ. ಇಪ್ಪತ್ತೆಂಟು ವರ್ಷ ಸೆಕೆಯ ವಿರುದ್ಧವೇ ಕೂಲೆಂಟ್ ಸುರಿದವನಿಗೆ ಅದು ಚಳಿಗೂ ಬೇಕೆಂದು ಗೊತ್ತಿಲ್ಲದಿರಬಹುದು. ಅಜ್ಞಾನ ಅಪರಾಧವಲ್ಲ. ಆದರೆ ಬಣ್ಣ ಬೆರೆಸಿದ್ದು ಅಜ್ಞಾನವಲ್ಲ. ಅದು ನನ್ನ ಕಣ್ಣಿಗೆ ಮಣ್ಣೆರಚುವ ಲೆಕ್ಕಾಚಾರ. ನನ್ನ ಮಾತನ್ನು ನಂಬಿ ಒಬ್ಬ ಮಗ ತನ್ನ ತಾಯಿಯನ್ನು ಆ ಗಾಡಿಯಲ್ಲಿ ಮಲಗಿಸಲಿದ್ದ.

"ನನ್ನ ಕಾರಿನ ಕೀಲಿ ಕೊಡು," ಎಂದೆ. ಗೊಂಚಲಿನಿಂದ ಬಿಡಿಸಲು ಅವನಿಗೆ ತುಸು ಹೊತ್ತು ಹಿಡಿಯಿತು. ಕೊಟ್ಟ.

ರಜೆಯ ದಿನವಾದ ಶುಕ್ರವಾರ, ಚರ್ಚಿನ ಪೂಜೆಗೆ ಹೋಗುವುದನ್ನೂ ಬಿಟ್ಟು, ಲ್ಯಾನ್ಸಿ ಬೆಳಿಗ್ಗೆಯಿಂದ ಗಾಡಿಯ ಕೆಳಗೆ ಮಲಗಿ ಎಲ್ಲವನ್ನೂ ಇಳಿಸಿ ಮತ್ತೆ ತುಂಬಿಸಿದನೆಂದು ಅಲಿ ಫೋನಿನಲ್ಲಿ ಹೇಳಿದ. ಮಾಡಲೇಬೇಕಾದ್ದನ್ನು ಮಾಡಿದ್ದಾನೆ ಎಂದುಕೊಂಡೆ.

ಮಧ್ಯಾಹ್ನ ಎರಡಕ್ಕೆ ಬಾಗಿಲ ಗಂಟೆಯಾಯಿತು. ಲ್ಯಾನ್ಸಿ. ಕೈಯಲ್ಲಿ ಹಸಿರು ದ್ರವದ ಬಾಟಲಿ. ಮುಚ್ಚಳಕ್ಕೆ ಟೇಪು, ಟೇಪಿನ ಮೇಲೆ ತಾರೀಕು ಮತ್ತು ಅವನ ರುಜು.

"ಇದನ್ನು ಫ್ರೀಜರಿನಲ್ಲಿ ಇಡಿ ಟೀಚರ್. ಗಟ್ಟಿಯಾದ್ರೆ ನಾಳೆ ಗಾಡಿ ಬಿಡ್ಬೇಡಿ ಅಂತ ಅಲಿಗೆ ನಾನೇ ಹೇಳ್ತೇನೆ. ಎಷ್ಟು ಹೊತ್ತು ಬೇಕು?"

"ಆರು ಗಂಟೆ."

ಅವನು ವರಾಂಡದ ಕುರ್ಚಿಯನ್ನು ಎಳೆದುಕೊಂಡು, ನನ್ನೆದುರೇ ಕುಳಿತ.