ಹಿಮ ನಿಲ್ಲದ ಜಾಗ

ಆ ಚಳಿಗಾಲದಲ್ಲಿ ನಾನು ಹನ್ನೊಂದು ದಿನ ಒಂದು ಅಂಕಿಯನ್ನು ನಂಬಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ನಮ್ಮ ಆಫೀಸಿನಲ್ಲಿ ಈ ಕಥೆ ಹೇಳುವವರು ಸಾಮಾನ್ಯವಾಗಿ ಹನ್ನೆರಡನೆಯ ದಿನದಿಂದ ಶುರುಮಾಡುತ್ತಾರೆ.

ನನ್ನ ಕೆಲಸ ಟೋಕಿಯೋದ ಶಿನಾಗಾವಾದಲ್ಲಿ ಒಂದು ಕಟ್ಟಡದ ಹತ್ತೊಂಬತ್ತನೆಯ ಮಹಡಿಯಲ್ಲಿ. ಕೆನಡಾದ ಉತ್ತರದ ಕಾಡಿನಲ್ಲಿರುವ ಒಂದು ತೈಲಕ್ಷೇತ್ರದಲ್ಲಿ ನಮ್ಮ ಕಂಪನಿಗೆ ಪಾಲಿದೆ. ಅಲ್ಲಿನ ಎಣ್ಣೆ ತಾನಾಗಿ ಹರಿಯುವಂಥದ್ದಲ್ಲ. ಮರಳಿಗೆ ಅಂಟಿಕೊಂಡ ಡಾಂಬರು ಅನ್ನಬಹುದು. ಅದನ್ನು ತೆಗೆಯಲು ಬಾವಿಯನ್ನು ಮೊದಲು ಕೆಳಕ್ಕೆ ಕೊರೆದು, ಆಮೇಲೆ ತಿರುಗಿಸಿ, ಮುಕ್ಕಾಲು ಕಿಲೋಮೀಟರಿನಷ್ಟು ಅಡ್ಡಡ್ಡಲಾಗಿ ಕೊರೆಯುತ್ತಾರೆ. ಇಂಥವು ಎರಡು, ಒಂದರ ಮೇಲೊಂದು, ನಡುವೆ ಐದಾರು ಮೀಟರ್ ಅಂತರ. ಮೇಲಿನದರಲ್ಲಿ ಉಗಿ ಬಿಡುತ್ತಾರೆ. ಡಾಂಬರು ಕರಗಿ ಕೆಳಗಿನದಕ್ಕೆ ಇಳಿಯುತ್ತದೆ, ಅಲ್ಲಿಂದ ಪಂಪು ಎತ್ತುತ್ತದೆ. ಕೊಳವೆಯ ಉದ್ದಕ್ಕೂ ಕೂದಲಿನಷ್ಟು ತೆಳುವಾದ ಗಾಜಿನ ತಂತಿ ಇದ್ದು, ಅದು ಪ್ರತಿ ಮೀಟರಿನ ಬಿಸಿಯನ್ನೂ ಟೋಕಿಯೋದ ನನ್ನ ಪರದೆಗೆ ಕಳಿಸುತ್ತದೆ. ನಮ್ಮ ಬೆಳಗ್ಗೆ ಎಂದರೆ ಅವರಿಗೆ ಹಿಂದಿನ ದಿನದ ಸಂಜೆ. ನಾನು ನೋಡುತ್ತಿದ್ದದ್ದು ಯಾವಾಗಲೂ ಅವರ ನಿನ್ನೆ.

ಸೆಂಡಾಯ್ ನಗರದಲ್ಲಿ ಪಿಎಚ್‌ಡಿ ಮಾಡುವಾಗ ನನ್ನ ಕೊಬ್ಬರಿ ಎಣ್ಣೆಯ ಬಾಟಲಿ ಚಳಿಗಾಲವಿಡೀ ಕಲ್ಲಿನಂತೆ ಗಟ್ಟಿಯಾಗಿರುತ್ತಿತ್ತು. ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿದರೆ ಗೋಡೆಗೆ ತಾಗಿದ ಎಣ್ಣೆ ಮಾತ್ರ ಕರಗಿ, ನಡುವಿನ ಗಟ್ಟಿ ಹಾಗೇ ಉಳಿಯುತ್ತಿತ್ತು. ನನ್ನ ಪ್ರಬಂಧದ ವಿಷಯವೂ ಅದೇ ಸಮಸ್ಯೆ. ಉಗಿ ಬಾವಿಯ ಬಾಯಿಗೆ ಹತ್ತಿರದ ಭಾಗದಲ್ಲೇ ಖರ್ಚಾಗಿಬಿಡುತ್ತದೆ, ತುದಿ ತಣ್ಣಗೇ ಉಳಿಯುತ್ತದೆ. ಅರ್ಧ ಬಾವಿ ದುಡಿಯುತ್ತದೆ, ಇನ್ನರ್ಧ ಸುಮ್ಮನೆ ಮಲಗಿರುತ್ತದೆ.

ಕಂಪನಿ ಸೇರಿದ ಮೂರನೆಯ ವರ್ಷ ನಾನೊಂದು ಸಲಹೆ ಕೊಟ್ಟೆ. ದೊಡ್ಡ ಕೊಳವೆಯೊಳಗೆ ಸಣ್ಣದೊಂದು ಕೊಳವೆ ಹಾಕಿ ಉಗಿಯನ್ನು ನೇರವಾಗಿ ತುದಿಗೇ ಒಯ್ಯುವುದು, ತುದಿ ಬಿಸಿಯಾಗುವವರೆಗೆ ಕೆಲವು ತಿಂಗಳು ಒತ್ತಡವನ್ನು ಸ್ವಲ್ಪ ಹೆಚ್ಚಿಸುವುದು. ಸಭೆಯಲ್ಲಿ ನಮ್ಮ ವಿಭಾಗದ ಮುಖ್ಯಸ್ಥರು ಎರಡು ಸಲ ತಲೆಯಾಡಿಸಿದರು. ಅವರನ್ನು ನಾವೆಲ್ಲ ಬುಚೋ ಎಂದು ಹುದ್ದೆಯಿಂದಲೇ ಕರೆಯುತ್ತಿದ್ದೆವು. ಪ್ರಶ್ನೆ ಕೇಳಿದ್ದು ಒಬ್ಬರೇ, ನಿವೃತ್ತಿಗೆ ಒಂದು ವರ್ಷ ಉಳಿದಿದ್ದ ಹಿರಿಯ ಸಹೋದ್ಯೋಗಿ. ಉತ್ತರ ಜಪಾನಿನ ಬೆಟ್ಟಗಳಲ್ಲಿ ಭೂಮಿಯ ಬಿಸಿಯಿಂದ ವಿದ್ಯುತ್ ತೆಗೆಯುವ ಬಾವಿಗಳ ಮೇಲೆ ಅರ್ಧ ಆಯುಷ್ಯ ಕಳೆದವರು. ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಗುರುತು. ಅವರನ್ನು ನಾನು ಸೆನ್‌ಪೈ ಅನ್ನುತ್ತಿದ್ದೆ, ನಮ್ಮಲ್ಲಿ ಸೀನಿಯರ್ ಅಂದ ಹಾಗೆ.

"ಮರಳಿನ ಮೇಲೆ ಮುಚ್ಚಳದಂತಿರುವ ಜೇಡಿಮಣ್ಣಿನ ಪದರ ಇಷ್ಟು ಒತ್ತಡ ತಡೆಯುತ್ತದೆ ಅಂತ ನಿಮಗೆ ಹೇಗೆ ಗೊತ್ತು?" ಎಂದರು.

ನಾನು ನಕ್ಷೆ ತೋರಿಸಿದೆ. ಕೊರೆದು ನೋಡಿದ ಜಾಗಗಳಲ್ಲೆಲ್ಲ ಜೇಡಿ ದಪ್ಪವಾಗಿತ್ತು.

"ಕೊರೆಯದ ಜಾಗಗಳಲ್ಲಿ?"

ಎಲ್ಲರೂ ಸಣ್ಣಗೆ ನಕ್ಕರು. ನಾನೂ ನಕ್ಕೆ.

ಮೂರು ಬಾವಿಗಳಲ್ಲಿ ಸಣ್ಣ ಕೊಳವೆ ಇಳಿಯಿತು. ಬೇಸಿಗೆ ಮುಗಿಯುವ ಹೊತ್ತಿಗೆ ತುದಿಗಳು ಬಿಸಿಯಾಗತೊಡಗಿದವು, ಎಣ್ಣೆಯ ಇಳುವರಿ ಏರಿತು. ಕಂಪನಿಯ ಒಳಪತ್ರಿಕೆಯಲ್ಲಿ ನನ್ನ ಫೋಟೋ ಬಂತು. ನಿಶಿ ಕಸಾಯಿ ಬಡಾವಣೆಯ ನಮ್ಮ ಮನೆಯಲ್ಲಿ ಗಂಡ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ.

ಜನವರಿಯ ಒಂದು ಬೆಳಗ್ಗೆ ಎರಡನೆಯ ಬಾವಿಯ ಪಕ್ಕದ ನಿಗಾ ಬಾವಿಯಲ್ಲಿ ಒಂದು ಅಂಕಿ ಬದಲಾಗಿತ್ತು. ನಿಗಾ ಬಾವಿ ಎಂದರೆ ಬರೀ ಥರ್ಮಾಮೀಟರುಗಳನ್ನು ಇಳಿಬಿಟ್ಟ ನೆಟ್ಟಗಿನ ತೂತು. ಅದರಲ್ಲಿ ಎಲ್ಲಕ್ಕಿಂತ ಮೇಲಿನ ಥರ್ಮಾಮೀಟರು ಜೇಡಿ ಪದರಕ್ಕೂ ಮೇಲೆ, ನೆಲಕ್ಕೆ ಹತ್ತಿರ ಇತ್ತು. ವರ್ಷವಿಡೀ ನಾಲ್ಕು ಡಿಗ್ರಿ ತೋರಿಸುತ್ತಿದ್ದದ್ದು ಆರು ತೋರಿಸಿತು. ಅಲ್ಲಿ ಬಿಸಿಯಾಗಲು ಕಾರಣವೇ ಇಲ್ಲ. ಉಪಕರಣ ಹಾಳಾಗಿದೆ ಅಂದುಕೊಂಡು ದಿನದ ವರದಿಯಲ್ಲಿ "ಸೆನ್ಸರ್ ಪರೀಕ್ಷಿಸಬೇಕು" ಎಂದು ಬರೆದೆ. ಮರುದಿನ ಆರೂವರೆ. ಮತ್ತೆ ಅದೇ ವಾಕ್ಯ ಬರೆದೆ. ಆಮೇಲಾಮೇಲೆ ಬರೆಯುವ ಶ್ರಮವೂ ಬೇಡವಾಗಿ ಹಿಂದಿನ ದಿನದ್ದನ್ನೇ ನಕಲು ಮಾಡಿ ಅಂಟಿಸುತ್ತಿದ್ದೆ. ಅಷ್ಟರಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತಿತ್ತು. ಎರಡನೆಯ ಬಾವಿ ಮೊದಲಿಗಿಂತ ಹೆಚ್ಚು ಉಗಿ ಕುಡಿಯುತ್ತಿತ್ತು, ಒತ್ತಡ ಮಾತ್ರ ಏರುತ್ತಿರಲಿಲ್ಲ. ಬಾವಿ ಇನ್ನೂ ಹಸಿದಿದೆ ಎಂದು ನಾನು ಇನ್ನಷ್ಟು ಉಗಿ ಕೊಡಲು ಸಲಹೆ ಕೊಟ್ಟೆ.

ಹನ್ನೆರಡನೆಯ ದಿನ, ಗುರುವಾರ, ಆ ಅಂಕಿ ಹದಿನಾಲ್ಕಾಗಿತ್ತು. ನಾನು ಸೆನ್‌ಪೈ ಮೇಜಿನ ಬಳಿಗೆ ಹೋಗಿ, "ಸುಮಿಮಾಸೆನ್, ಕ್ಷಮಿಸಿ, ಒಂದು ನಿಮಿಷ," ಎಂದೆ. ಅವರು ನನ್ನ ಕುರ್ಚಿಯಲ್ಲಿ ಕೂತು ಹನ್ನೆರಡು ದಿನದ ಗೆರೆಯನ್ನು ನೋಡಿದರು. "ಊಟಕ್ಕೆ ಹೊರಗೆ ಹೋಗೋಣ," ಎಂದರು.

ಬೀದಿಯ ಕೊಂಬಿನಿ ಅಂಗಡಿಯಲ್ಲಿ ಎರಡು ಅನ್ನದ ಉಂಡೆ ಕೊಂಡು ಕಾಲುವೆಯ ಪಕ್ಕದ ಬೆಂಚಿನಲ್ಲಿ ಕೂತೆವು. ಅವರು ತಮ್ಮದನ್ನು ಬಿಚ್ಚಲೇ ಇಲ್ಲ.

"ಬಿಸಿ ಇರಬಾರದ ಕಡೆ ಬಿಸಿ ಕಂಡರೆ ಎಲ್ಲರೂ ಮೊದಲು ಅಳತೆ ತಪ್ಪು ಅಂತಾರೆ. ನಾವೂ ಹಾಗೇ ಅಂದಿದ್ವಿ. ಬೆಟ್ಟದ ಮೇಲೆ ಹೊಸ ಥರ್ಮಾಮೀಟರ್ ತರಿಸಿ ಹಾಕಿದ್ವಿ, ಅದೂ ಅಷ್ಟೇ ತೋರಿಸ್ತು. ಆಗಲೂ ತಯಾರಿಸಿದವರ ತಪ್ಪು ಅಂದ್ವಿ." ಸುಟ್ಟ ತೋಳನ್ನು ಕೋಟಿನ ಮೇಲಿಂದಲೇ ಒಮ್ಮೆ ಸವರಿಕೊಂಡರು. "ನನ್ನ ಜೊತೆ ಇನ್ನೊಬ್ಬ ಇದ್ದ."

ಅವನಿಗೇನಾಯಿತು ಎಂದು ನಾನು ಕೇಳಲಿಲ್ಲ.

ಮಧ್ಯಾಹ್ನ ಇಬ್ಬರೂ ಬುಚೋ ಕೋಣೆಗೆ ಹೋದೆವು. ಅವರು ಕೆಟ್ಟವರಲ್ಲ. ಉಗಿ ಜೇಡಿ ದಾಟಿ ಮೇಲೇರುತ್ತಿರಬಹುದು, ನಿಲ್ಲಿಸಬೇಕು ಎಂದು ನಾನು ಹೇಳಿದ್ದನ್ನೆಲ್ಲ ಬರೆದುಕೊಂಡರು. ಆದರೆ ಉಗಿ ನಿಲ್ಲಿಸಿದರೆ ತಿಂಗಳುಗಟ್ಟಲೆ ಕೂಡಿಟ್ಟ ಬಿಸಿ ವ್ಯರ್ಥವಾಗುತ್ತದೆ, ಪಾಲುದಾರರಿಗೆ ಕಾರಣ ಕೊಡಬೇಕಾಗುತ್ತದೆ. ಸೋಮವಾರ ಹೇಗೂ ಜಂಟಿ ಸಭೆಯಿತ್ತು.

"ಸೋಮವಾರ ಎಲ್ಲರೂ ಸೇರಿ ತೀರ್ಮಾನ ಮಾಡೋಣ. ಅಲ್ಲಿವರೆಗೆ ಎಚ್ಚರಿಕೆಯಿಂದ ಗಮನಿಸುತ್ತಿರಿ," ಎಂದರು.

ಸೆನ್‌ಪೈ ಬಗ್ಗಿ ವಂದಿಸುವುದಕ್ಕೆ ಮೊದಲು ಒಂದು ಕ್ಷಣ ನಿಂತರು. ಅವರ ಮಟ್ಟಿಗೆ ಅದು ಪ್ರತಿಭಟನೆ.

ಆ ಸಂಜೆ ಮನೆಯಲ್ಲಿ ಬಡಿಸುವಾಗ ನನ್ನ ಕೈ ನಡುವೆ ನಿಂತುಹೋಗಿದ್ದು ನನಗೇ ತಿಳಿದಿರಲಿಲ್ಲ.

"ಏನಾಯ್ತೇ? ಸೌಟು ಹಿಡ್ಕೊಂಡು ಹಾಗೇ ನಿಂತಿದೀಯಲ್ಲ," ಎಂದ ಗಂಡ.

"ಒಂದು ಬಾವೀಲಿ ಬಿಸಿ ಮೇಲಕ್ಕೆ ಬರ್ತಿದೆ ಅನ್ಸುತ್ತೆ. ಮಂಡೇ ಡಿಸೈಡ್ ಮಾಡ್ತಾರಂತೆ."

"ಮೇಲಕ್ಕೆ ಅಂದ್ರೆ? ಮೇಲೇನಿದೆ?"

"ಏನಿಲ್ಲ, ಕಾಡು."

"ಕಾಡಲ್ಲಿ ಜನ ಯಾರೂ ಓಡಾಡಲ್ವಾ?"

ನನಗೆ ಗೊತ್ತಿರಲಿಲ್ಲ. ಮೂರು ವರ್ಷದಿಂದ ಆ ನೆಲದ ಒಳಗಿನ ಒಂದೊಂದು ಮೀಟರನ್ನೂ ನೋಡಿದವಳು ನಾನು, ಅದರ ಮೇಲೇನಿದೆ ಎಂದು ಒಂದು ಸಲವೂ ನೋಡಿರಲಿಲ್ಲ. ನಮ್ಮಿಬ್ಬರ ಮುಖವನ್ನೂ ನೋಡುತ್ತಿದ್ದ ಎಂಟು ವರ್ಷದ ಮಗಳು, "ಅಮ್ಮಾ, ಅಬುನಾಯ್?" ಎಂದಳು. ಅಪಾಯವಾ ಅಂತ. ಅವಳು ಕನ್ನಡ ಅರ್ಥಮಾಡಿಕೊಳ್ಳುತ್ತಾಳೆ, ಉತ್ತರ ಮಾತ್ರ ಜಪಾನಿಯಲ್ಲಿ. "ಗೊತ್ತಿಲ್ಲ ಪುಟ್ಟಾ, ನೀನು ಊಟ ಮಾಡು," ಎಂದೆ.

ಶುಕ್ರವಾರ ಬೆಳಗ್ಗೆ ಬುಚೋ ಬರುವ ಮೊದಲೇ ಕ್ಷೇತ್ರದ ಮೇಲ್ವಿಚಾರಕನಿಗೆ ಫೋನ್ ಮಾಡಿದೆ. ಎರಡು ವರ್ಷ ದಿನವೂ ಮಾತಾಡಿದ ಮನುಷ್ಯ, ಮುಖ ನೋಡಿರಲಿಲ್ಲ. ಅವನಲ್ಲಿ ಗುರುವಾರ ಸಂಜೆ, ಬೆಳಕು ಇಳಿಯುತ್ತಿತ್ತು.

"ಎರಡನೇ ಬಾವಿಯ ಪಕ್ಕದ ನಿಗಾ ಬಾವಿಯ ಹತ್ತಿರ ನೆಲ ಹೇಗಿದೆ? ಏನಾದರೂ ಬೇರೆ ಥರ ಕಾಣುತ್ತಾ?" ಎಂದು ಕೇಳಿದೆ.

"ಏನಿಲ್ಲ. ಅಲ್ಲಿ ಒಂದು ಕಡೆ ಒಂದು ವಾರದಿಂದ ಹಿಮ ನಿಲ್ತಿಲ್ಲ, ಅಷ್ಟೇ. ಒಣಗಿದ ಜಾಗ ಅಂತ ನಮ್ಮ ಹುಡುಗರು ಬೆಂಚು ಹಾಕ್ಕೊಂಡಿದ್ದಾರೆ. ಮಧ್ಯಾಹ್ನ ಅಲ್ಲೇ ಊಟ ಮಾಡ್ತಾರೆ. ಕಾಲಿಗೆ ಬೆಚ್ಚಗಿರುತ್ತಂತೆ."

ಅಲ್ಲಿ ಹೊರಗೆ ಮೈನಸ್ ಇಪ್ಪತ್ತೈದು ಡಿಗ್ರಿ. ಅಂಥ ಚಳಿಯಲ್ಲಿ ನೆಲ ಕಾಲಿಗೆ ಬೆಚ್ಚಗಾಗಬೇಕಾದರೆ ಉಗಿ ಎಷ್ಟು ಮೇಲೆ ಬಂದಿರಬೇಕು!

"ಈಗ ಅಲ್ಲಿ ಯಾರಿದ್ದಾರೆ?"

"ಈಗ ಯಾರೂ ಇಲ್ಲ. ಯಾಕೆ?"

"ಯಾರನ್ನೂ ಬಿಡಬೇಡಿ. ಪಕ್ಕದ ದಾರಿಯಲ್ಲೂ ಗಾಡಿ ಬೇಡ. ಎರಡನೇ ಬಾವಿಯ ಉಗಿ ನಿಲ್ಲಿಸಿ."

"ಇದು ನಿಮ್ಮ ಬುಚೋ ಆದೇಶವಾ?"

"ಅಲ್ಲ. ನಾನು ಹೇಳ್ತಿರೋದು. ಆದೇಶ ಕೊಡೋ ಅಧಿಕಾರ ನನಗಿಲ್ಲ. ಅಪಾಯ ಅನ್ನಿಸಿದರೆ ನಿಲ್ಲಿಸೋ ಅಧಿಕಾರ ನಿಮಗಿದೆ ಅಲ್ವಾ?"

"ಇದೆ," ಎಂದ. "ನಿಮಗೆ ಖಾತ್ರಿಯಾ?"

"ಇಲ್ಲ."

ಅವನು ಫೋನನ್ನು ಮೇಜಿನ ಮೇಲಿಟ್ಟ ಸದ್ದು ಕೇಳಿಸಿತು. ಯಾರಿಗೋ ಕೂಗಿ ಹೇಳಿದ. ಏಳೆಂಟು ನಿಮಿಷದಲ್ಲಿ ನನ್ನ ಪರದೆಯ ಮೇಲೆ ಉಗಿಯ ಗೆರೆ ಬಾಗಿ ಸೊನ್ನೆಗೆ ಇಳಿಯಿತು. ಒತ್ತಡದ ಗೆರೆಯೂ ಇಳಿಯುತ್ತದೆಂದು ಕಾದೆ. ಇಳಿಯಿತು, ತೀರಾ ನಿಧಾನವಾಗಿ. ಮೇಲಿನ ಥರ್ಮಾಮೀಟರು ಮಾತ್ರ ಇಳಿಯಲೇ ಇಲ್ಲ, ಅರ್ಧ ಡಿಗ್ರಿ ಏರಿತು. ನಾವು ಒಳಗೆ ತುಂಬಿದ್ದು ಒಳಗೇ ಇತ್ತು. ಬಾಗಿಲು ಮುಚ್ಚಿದ್ದು ನಾವು ಹಾಕುವುದಕ್ಕೆ ಮಾತ್ರ.

ಬುಚೋ ಬಂದಾಗ ನಡೆದದ್ದನ್ನು ನಿಂತುಕೊಂಡೇ ಹೇಳಿದೆ. ಬೆಂಚಿನ ವಿಷಯ ಬಂದಾಗ ಅವರು ಕೋಟು ತೆಗೆಯದೇ ಕುರ್ಚಿಯಲ್ಲಿ ಕೂತರು. "ವರದಿಯಲ್ಲಿ ನಾನು ನಿಲ್ಲಿಸಲು ಹೇಳಿದೆ ಅಂತ ಬರೆಯಿರಿ," ಎಂದರು. ಅದು ನನ್ನನ್ನು ಕಾಪಾಡಲೋ ತಮ್ಮನ್ನು ಕಾಪಾಡಿಕೊಳ್ಳಲೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಹಾಗೆ ಬರೆಯಲಿಲ್ಲ. ನಡೆದದ್ದನ್ನು ನಡೆದಂತೆ ಬರೆದು, ಹನ್ನೊಂದು ದಿನ ಅಂಟಿಸಿದ ಆ ವಾಕ್ಯಗಳನ್ನೂ ಸೇರಿಸಿದೆ. ಬುಚೋ ಅದನ್ನು ತಿದ್ದದೆ ಸಹಿ ಹಾಕಿದರು.

ಭಾನುವಾರ ಬೆಳಗ್ಗೆ ಎದ್ದಾಗ ಫೋನಿನಲ್ಲಿ ಮೂರು ಫೋಟೋಗಳಿದ್ದವು. ಅವರ ಶನಿವಾರ ಬೆಳಗ್ಗೆ ನೆಲ ಬಾಯಿಬಿಟ್ಟಿತ್ತು. ಮೊದಲನೆಯದರಲ್ಲಿ ಮರಗಳ ನಡುವೆ ಬಿಳಿ ಉಗಿಯ ಗೋಡೆ. ಎರಡನೆಯದರಲ್ಲಿ ಸುತ್ತಲಿನ ಮರಗಳು ಒಂದು ಪಕ್ಕಕ್ಕೆ ವಾಲಿದ್ದವು, ಕೊಂಬೆಕೊಂಬೆಗೂ ಕರಿ ಡಾಂಬರು ಜೋತಾಡುತ್ತಿತ್ತು, ಹಿಮದ ಮೇಲೆ ಬಹಳ ದೂರದವರೆಗೆ ಕಪ್ಪು ಚುಕ್ಕೆಗಳು. ಮೂರನೆಯದರಲ್ಲಿ ಒಂದು ಗುಂಡಿ, ಅದರಲ್ಲಿ ಕುದಿಯುವ ಕೆಸರು. ಬೆಂಚು ಎಲ್ಲೂ ಕಾಣಲಿಲ್ಲ. ಕೆಳಗೆ ಒಂದೇ ಸಾಲು: "ಯಾರೂ ಇರಲಿಲ್ಲ."

ಫೋನನ್ನು ಗಂಡನ ಕೈಗೆ ಕೊಟ್ಟೆ. ಅವನು ನೋಡಿ ಪಕ್ಕಕ್ಕಿಟ್ಟ. "ನೀನು ನಿಲ್ಲಿಸಿದ್ದು ಒಳ್ಳೇದಾಯ್ತು," ಎಂದ.

"ಶುರು ಮಾಡಿದ್ದೂ ನಾನೇ ಕಣೋ," ಎಂದೆ.

ಕಾರಣ ತಿಳಿಯಲು ಎರಡು ತಿಂಗಳು ಹಿಡಿಯಿತು. ಬಹಳ ಹಿಂದೆ, ನೆಲವೆಲ್ಲ ಹಿಮಗಡ್ಡೆಯ ಕೆಳಗಿದ್ದ ಕಾಲದಲ್ಲಿ, ಕರಗಿದ ನೀರಿನ ಹೊಳೆಯೊಂದು ಜೇಡಿ ಪದರವನ್ನು ಕೊರೆದು ಹೋಗಿತ್ತು. ಆ ಹಳ್ಳದಲ್ಲಿ ಆಮೇಲೆ ಮರಳು ತುಂಬಿಕೊಂಡಿತ್ತು. ನಾವು ಕೊರೆದು ನೋಡಿದ ಎರಡು ತೂತುಗಳ ನಡುವೆ ಅದು ಹಾದುಹೋಗಿತ್ತು. ಹಳೆಯ ಒತ್ತಡದಲ್ಲಿ ಉಗಿಗೆ ಅಲ್ಲಿವರೆಗೆ ಏರುವ ಬಲ ಇರಲಿಲ್ಲ.

ವಿಚಾರಣೆಯ ಸಭೆಗೆ ಮೇಲ್ವಿಚಾರಕ ಟೋಕಿಯೋಗೆ ಬಂದ. ದನಿ ಕೇಳಿ ಎತ್ತರದ ಆಳು ಅಂದುಕೊಂಡಿದ್ದೆ. ಕುಳ್ಳಗಿದ್ದ, ಅಗಲ ಕೈ, ಓದುವ ಕನ್ನಡಕವನ್ನು ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿದ್ದ. ಕ್ಯಾಂಟೀನಿನಲ್ಲಿ ಎದುರು ಕೂತು, "ನಮ್ಮ ಹುಡುಗರು ನಿಮಗೆ ಥ್ಯಾಂಕ್ಸ್ ಹೇಳೋಕೆ ಹೇಳಿದ್ದಾರೆ," ಎಂದ.

ನಾನು ಹೇಳಲೇಬೇಕಾಯಿತು. ಸಣ್ಣ ಕೊಳವೆ ನನ್ನದು, ಒತ್ತಡ ಹೆಚ್ಚಿಸಿದ್ದು ನನ್ನ ಸಲಹೆ, ಹನ್ನೊಂದು ದಿನ ಸುಮ್ಮನಿದ್ದದ್ದೂ ನಾನೇ.

ಅವನು ಚಮಚ ಕೆಳಗಿಟ್ಟ. "ನಾನೂ ಅಲ್ಲೇ ಊಟ ಮಾಡ್ತಿದ್ದೆ," ಎಂದ. "ಹಿಮ ಯಾಕೆ ನಿಲ್ತಿಲ್ಲ ಅಂತ ನನಗೂ ಹೊಳೀಲಿಲ್ಲ. ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ." ಕ್ಷಮಿಸಿದ್ದೇನೆ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರೂ ಎದ್ದು ಸಭೆಗೆ ಹೋದೆವು, ಅಲ್ಲಿ ಅದನ್ನೇ ಎಲ್ಲರ ಮುಂದೆ ಹೇಳಿದೆವು.

ಆ ಸಭೆಯಿಂದ ಒಂದು ನಿಯಮ ಬಂತು. ಮೇಲಿನ ಥರ್ಮಾಮೀಟರು ಒಂದು ಡಿಗ್ರಿ ಏರಿದರೂ ಪಾಳಿಯಲ್ಲಿರುವವರು ಯಾರನ್ನೂ ಕೇಳದೆ ಉಗಿ ನಿಲ್ಲಿಸಬೇಕು, ಉಪಕರಣ ಪರೀಕ್ಷೆ ಆಮೇಲೆ. ಎರಡನೆಯ ಬಾವಿಯನ್ನು ಸಿಮೆಂಟು ತುಂಬಿ ಮುಚ್ಚಿದರು, ಉಳಿದೆರಡರ ಉಗಿಯನ್ನೂ ನಿಲ್ಲಿಸಿದರು, ಗುಂಡಿಯ ಸುತ್ತ ಬೇಲಿ ಹಾಕಿದರು. ಬೇಲಿಯ ಒಳಗಿನ ನೆಲ ಇನ್ನೂ ಬಿಸಿಯಾಗಿದೆ. ಎಷ್ಟು ವರ್ಷ ಹಾಗಿರುತ್ತದೆ ಎಂದು ಲೆಕ್ಕ ಹಾಕುವ ಕೆಲಸ ನನಗೇ ಬಂತು. ಉತ್ತರವಾಗಿ ಬಂದ ಇಸವಿಯ ಹೊತ್ತಿಗೆ ನಾನು ನಿವೃತ್ತಳಾಗಿ ಎಷ್ಟೋ ವರ್ಷಗಳಾಗಿರುತ್ತವೆ.

ಸೆನ್‌ಪೈ ಮಾರ್ಚಿನಲ್ಲಿ ನಿವೃತ್ತರಾಗಿ ಹೊರಟರು. ಬೀಳ್ಕೊಡುಗೆಯ ದಿನ, ಬೆಟ್ಟದಲ್ಲಿ ಅವರ ಜೊತೆಗಿದ್ದವನ ವಿಷಯ ಕೇಳಬೇಕೆಂದು ಬಾಯಿವರೆಗೆ ಬಂತು. ಅವರಿಗೆ ಅದು ತಿಳಿದಿರಬೇಕು. "ಕೇಳಬೇಡಿ," ಎಂದು ಮೆಲ್ಲಗೆ ಹೇಳಿ ತಲೆಬಾಗಿದರು.

ಉಳಿದ ಎರಡು ಬಾವಿಗಳನ್ನು ಕಡಿಮೆ ಒತ್ತಡದಲ್ಲಿ ಮತ್ತೆ ಶುರುಮಾಡಬಹುದೇ ಎಂದು ಕಳೆದ ತಿಂಗಳು ಬುಚೋ ಕೇಳಿದರು. ಈ ಸಲ ಮೇಲಿನ ನೆಲವನ್ನೂ ನೋಡಿದ್ದೇನೆ. ಹೊಸದಾಗಿ ಆರು ಕಡೆ ಕೊರೆಸಿದ್ದೇನೆ, ಆರರಲ್ಲೂ ಜೇಡಿ ದಪ್ಪವಾಗಿದೆ. ಆ ಆರರ ನಡುವೆ ಏನಿದೆ ಎಂದು ನನಗೆ ಗೊತ್ತಿಲ್ಲ ಎನ್ನುವುದನ್ನೂ ಒಪ್ಪಿಗೆ ಪತ್ರದಲ್ಲಿ ಬರೆದು ಸಹಿ ಹಾಕಿದೆ. ಹೋದ ಮಂಗಳವಾರದಿಂದ ಉಗಿ ಮತ್ತೆ ಒಳಗೆ ಹೋಗುತ್ತಿದೆ.